ರೋಗಿ ಮಲಗಿದ ಕೂಡಲೇ ಕಡಿಯುತ್ತಿದ್ದ ಲೈನು

"ಮೇಡಂ, ನೀವು ಬೈದ್ರೂ ಪರವಾಗಿಲ್ಲ, ಹೇಳ್ಬಿಡ್ತೀನಿ. ಪೇಷಂಟ್ ಮಲಗಿದ ಕೂಡ್ಲೇ ಲೈನ್ ಹೋಗುತ್ತೆ. ನಾನು ಖಾಲಿ ಕೂತಿದ್ರೆ ಅದಕ್ಕೆ ಎಂತದೂ ಆಗಲ್ಲ."

ಕಾರ್ಗಲ್‌ನ ಸಿಸ್ಟರ್ ಫೋನಿನಲ್ಲಿ ಹೀಗೆಂದಾಗ ನಾನು ನಕ್ಕುಬಿಟ್ಟೆ. ಬರೀ ನಕ್ಕಿದ್ದರೆ ಹೋಗಲಿ, "ಹಾಗಾದ್ರೆ ರೂಟರಿಗೆ ಒಂದು ನಿಂಬೆಹಣ್ಣು ಕಟ್ಟಿ ಸಿಸ್ಟರ್, ಯಾರದೋ ದೃಷ್ಟಿ ತಾಗಿರ್ಬೇಕು" ಎಂದೆ. ಅವರು "ಆಯ್ತು ಮೇಡಂ" ಎಂದರು. ಆಮೇಲೆ ಫೋನ್ ಇಟ್ಟರು. ನನ್ನ ಬಾಯಿಗೆ ಬೀಗ ಇಲ್ಲ ಎಂದು ಅಮ್ಮ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ತೀರ್ಥಹಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರು, ಪ್ರಿಂಟರು, ನೆಟ್‌ವರ್ಕು ಎಲ್ಲವನ್ನೂ ನೋಡಿಕೊಳ್ಳುವವಳು ನಾನೊಬ್ಬಳೇ. ಆಸ್ಪತ್ರೆಗೆ ಕೋಣಂದೂರು, ಹೊಸನಗರ ಮತ್ತು ಕಾರ್ಗಲ್‌ಗಳಲ್ಲಿ ಒಂದೊಂದು ಚಿಕ್ಕ ಕೇಂದ್ರವಿದೆ. ಒಬ್ಬರು ಸಿಸ್ಟರ್, ಒಂದು ಮಂಚ, ಒಂದು ಇಸಿಜಿ ಮೆಷಿನ್, ಒಂದು ಕಂಪ್ಯೂಟರ್, ಇಷ್ಟೇ ಅಲ್ಲಿರುವುದು. ಎದೆನೋವು ಎಂದು ಬಂದವರ ಇಸಿಜಿ ತೆಗೆದು, ಅವರ ಹಳೆಯ ರಿಪೋರ್ಟುಗಳ ಫೋಟೊಗಳನ್ನೂ ಸೇರಿಸಿ ಸಿಸ್ಟರ್ ಕಳಿಸುತ್ತಾರೆ. ನಮ್ಮ ಡಾಕ್ಟರು ಇಲ್ಲಿ ನೋಡಿ, ಮನೆಗೆ ಹೋಗಬಹುದೋ ದೊಡ್ಡ ಆಸ್ಪತ್ರೆಗೆ ಓಡಬೇಕೋ ಎಂದು ಕೂಡಲೇ ಫೋನ್ ಮಾಡುತ್ತಾರೆ. ರೋಗಿಯ ವಿವರ ಕಂಡವರ ಕೈಗೆ ಸಿಗಬಾರದಲ್ಲ, ಅದಕ್ಕೇ ಎಲ್ಲವೂ ವಿಪಿಎನ್ ಮೂಲಕ ಬರುತ್ತದೆ. ಎಲ್ಲರೂ ಓಡಾಡುವ ಇಂಟರ್ನೆಟ್ಟಿನ ಒಳಗೇ ನಮ್ಮದೊಂದು ಮುಚ್ಚಿದ ಸುರಂಗ ಎಂದುಕೊಳ್ಳಿ.

ಈ ಸುರಂಗದ ಕೆಟ್ಟ ಗುಣವೆಂದರೆ ಸತ್ತರೂ ಹೇಳುವುದಿಲ್ಲ. ಕಾರ್ಗಲ್‌ಗೆ ಕೇಬಲ್ ನೆಚ್ಚಿಕೊಂಡರೆ ಮರ ಬಿದ್ದಾಗಲೆಲ್ಲ ಕಡಿಯುತ್ತಿತ್ತು, ಹಾಗಾಗಿ ಅಲ್ಲಿ ಸಿಮ್ ಹಾಕಿದ ರೂಟರ್ ಇಟ್ಟಿದ್ದೆವು. ಸಿಮ್‌ನ ಇಂಟರ್ನೆಟ್ ವಿಳಾಸ ಕಂಪನಿಯ ಇಷ್ಟ ಬಂದಾಗ ಬದಲಾಗುತ್ತದೆ. ಬದಲಾದ ತಕ್ಷಣ ಸುರಂಗದೊಳಗೆ ಏನೂ ಹೋಗುವುದಿಲ್ಲ, ಏನೂ ಬರುವುದಿಲ್ಲ, ಆದರೆ ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಆಗ ಸಿಸ್ಟರ್ ನನಗೆ ಫೋನ್ ಮಾಡಬೇಕು, ನಾನು "ರೂಟರ್ ಆಫ್ ಮಾಡಿ ಆನ್ ಮಾಡಿ" ಎನ್ನಬೇಕು. ಅಷ್ಟರಲ್ಲಿ ಮಂಚದ ಮೇಲೆ ಮಲಗಿದವರ ಗತಿ?

ಡಾಕ್ಟರಿಗೆ ಸಾಕಾಗಿಹೋಗಿತ್ತು. "ಹದಿನೈದು ದಿನ ನೋಡ್ತೀನಮ್ಮ. ಸರಿಹೋಗ್ಲಿಲ್ಲ ಅಂದ್ರೆ ಕಾರ್ಗಲ್‌ನ ಮೆಷಿನ್ ವಾಪಸ್ ತರಿಸ್ತೀನಿ. ಬರದೇ ಇರೋ ಇಸಿಜಿ ನೆಚ್ಕೊಂಡು ಒಬ್ರು ಸತ್ತೋದ್ರೆ ಯಾರು ಉತ್ತರ ಕೊಡ್ತಾರೆ?" ಎಂದರು. ಮೆಷಿನ್ ಹೋದರೆ ಕೇಂದ್ರ ಮುಚ್ಚಿದ ಹಾಗೆಯೇ. ಕಾರ್ಗಲ್ ಸುತ್ತಮುತ್ತಲಿನವರು ಒಂದು ಇಸಿಜಿಗಾಗಿ ಎದೆ ಹಿಡಿದುಕೊಂಡು ಸಾಗರಕ್ಕೆ ಹೋಗಬೇಕು.

ಸರಿ, ಕುಳಿತು ಒಂದು ಕಾವಲು ಪ್ರೋಗ್ರಾಂ ಬರೆದೆ. ಅದು ರೂಟರಿನೊಳಗೇ ಇದ್ದು, ನಿಮಿಷಕ್ಕೊಮ್ಮೆ ಸುರಂಗದ ಮೂಲಕ ತೀರ್ಥಹಳ್ಳಿಯ ಸರ್ವರನ್ನು ಮೂರು ಸಲ ಕರೆಯುತ್ತದೆ. ನಮ್ಮ ಭಾಷೆಯಲ್ಲಿ ಅದು ಪಿಂಗ್. ಒಂದಕ್ಕಾದರೂ ಉತ್ತರ ಬಂದರೆ ಲೈನು ಬದುಕಿದೆ. ಮೂರಕ್ಕೂ ಬರದಿದ್ದರೆ ಸತ್ತಿದೆ, ಕೂಡಲೇ ಸುರಂಗ ಬೀಳಿಸಿ ಹೊಸದಾಗಿ ಎಬ್ಬಿಸು. ಎಬ್ಬಿಸಿದ್ದನ್ನು ಒಂದು ಕಡತದಲ್ಲಿ ಬರೆದಿಡು. ಇಪ್ಪತ್ತೇ ಸಾಲು! ಮೂರೂ ಕೇಂದ್ರಗಳಿಗೆ ಹಾಕಿ, ಮೊದಲನೇ ದಿನ ಹೊಸನಗರದ ಲೈನು ತಾನಾಗಿ ಬಿದ್ದು ತಾನಾಗಿ ಎದ್ದದ್ದನ್ನು ಕಡತದಲ್ಲಿ ನೋಡಿದಾಗ ಕುರ್ಚಿಯಿಂದ ಎದ್ದು ಕ್ಯಾಂಟೀನಿಗೆ ಓಡಿಹೋಗಿ ಸಿಕ್ಕವರಿಗೆಲ್ಲ ಹೇಳಿದ್ದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಚೆನ್ನಾಯ್ತು ಎಂದರು.

ಕೋಣಂದೂರು, ಹೊಸನಗರ ಎರಡೂ ಸರಿಹೋದವು. ಸಿಸ್ಟರ ಆ ಫೋನು, ನನ್ನ ನಿಂಬೆಹಣ್ಣಿನ ಮಾತು ಈ ದಿನಗಳಲ್ಲೇ. ಕಾರ್ಗಲ್‌ನ ಕಡತದಲ್ಲಂತೂ "ಎಬ್ಬಿಸಲಾಯಿತು, ಎಬ್ಬಿಸಲಾಯಿತು" ಎಂಬ ಸಾಲುಗಳೇ ಸಾಲುಗಳು. ಹೆಮ್ಮೆಯಿಂದ ಡಾಕ್ಟರಿಗೆ ತೋರಿಸಿದೆ. "ನೋಡಿ ಸರ್, ಬೆಳಿಗ್ಗೆಯಿಂದ ಒಂಬತ್ತು ಸಲ ಬಿದ್ದಿದೆ, ಒಂಬತ್ತು ಸಲವೂ ಎಬ್ಬಿಸಿದೆ!"

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಎಬ್ಬಿಸಿದ್ದು ಸರಿ. ಇಸಿಜಿ ಎಲ್ಲಿ?"

ಇಸಿಜಿ ಬಂದಿರಲಿಲ್ಲ. ಆ ದಿನ ಕಾರ್ಗಲ್‌ನಲ್ಲಿ ಒಬ್ಬ ಲಾರಿ ಡ್ರೈವರು ಎದೆಯುರಿ ಎಂದು ಬಂದು ಮುಕ್ಕಾಲು ಗಂಟೆ ಮಲಗಿದ್ದ. ಸಿಸ್ಟರ್ ಕಳಿಸುತ್ತಲೇ ಇದ್ದರು, ಅದು ಅರ್ಧಕ್ಕೆ ನಿಂತು ಮತ್ತೆ ಮೊದಲಿಂದ ಶುರುವಾಗುತ್ತಲೇ ಇತ್ತು. ಕೊನೆಗೆ ಅವನನ್ನು ಆಟೊದಲ್ಲಿ ಸಾಗರಕ್ಕೆ ಸಾಗಹಾಕಿದರು. ಪುಣ್ಯಕ್ಕೆ ಅವನಿಗೆ ಏನೂ ಆಗಿರಲಿಲ್ಲ. ಆದರೆ ಡಾಕ್ಟರು ಹದಿನೈದು ದಿನದ ಮಾತನ್ನು ಅಲ್ಲಿಗೇ ಮುಗಿಸಿದರು. "ಬರೋ ಸೋಮವಾರ ಗಾಡಿ ಕಳಿಸ್ತೀನಿ. ಮೆಷಿನ್ ತಗೊಂಡು ಬರ್ಲಿ," ಎಂದರು. ಅಂದು ಮಂಗಳವಾರ.

ನನಗೆ ಸಿಟ್ಟು ನೆತ್ತಿಗೇರಿತು. ಡಾಕ್ಟರ ಮೇಲಲ್ಲ, ಸಿಸ್ಟರ್ ಮೇಲೆ. ನಮ್ಮ ಕಡೆ ಒಂದು ಗುಡುಗು ಕೇಳಿದರೆ ಸಾಕು, ಟೀವಿ, ಫೋನು, ಫ್ರಿಜ್ಜು, ರೂಟರು ಎಲ್ಲದರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತಿಡುತ್ತೇವೆ. ಸಿಡಿಲಿಗೆ ಸುಟ್ಟುಕೊಂಡವರ ಬುದ್ಧಿ ಅದು. ಸಿಸ್ಟರ್ ಕೂಡ ಹಾಗೇ ಮಾಡುತ್ತಿರಬೇಕು ಎಂದು ತೀರ್ಮಾನಿಸಿ ಫೋನಿನಲ್ಲಿ ಹಾರಾಡಿದೆ.

"ಗುಡುಗು ಬಂದ್ರೆ ಕೀಳ್ತೀನಿ ಮೇಡಂ, ಯಾರ್ ಕೀಳಲ್ಲ?" ಎಂದರು ಅವರು, ಧ್ವನಿ ಏರಿಸದೆ. "ಆದ್ರೆ ಇವತ್ತು ಗುಡುಗೇ ಇರ್ಲಿಲ್ಲ. ನಾನು ಎಲ್ಲಾ ಬರ್ದಿಟ್ಟಿದೀನಿ. ಫೋಟೊ ಕಳಿಸ್ತೀನಿ, ನೋಡಿ. ನಿಮಗೆ ನಗು ಬರುತ್ತೆ, ಪರವಾಗಿಲ್ಲ."

ಬಂದದ್ದು ಎರಡು ಗೆರೆಯ ನೋಟ್‌ಬುಕ್ಕಿನ ಪುಟಗಳು. ದುಂಡು ಅಕ್ಷರ. ರೋಗಿ ಮಂಚಕ್ಕೆ ಬಂದ ಹೊತ್ತು, 'ಕಳಿಸು' ಒತ್ತಿದ ಹೊತ್ತು, ಲೈನು ಹೋದ ಹೊತ್ತು. ನನ್ನ ಪ್ರೋಗ್ರಾಂ ಬರೆದಿಟ್ಟ ಕಡತವನ್ನು ತೆರೆದು ಪಕ್ಕದಲ್ಲಿಟ್ಟು ಒಂದೊಂದೇ ಸಾಲು ಹೋಲಿಸಿದೆ. ಮೂರನೇ ಸಾಲಿಗೆ ಬಂದವಳು ಮತ್ತೆ ಮೊದಲ ಸಾಲಿಗೆ ಹೋಗಿ ನೋಡಿದೆ. ಸಿಸ್ಟರ್ 'ಕಳಿಸು' ಒತ್ತಿದ ಒಂದೆರಡು ನಿಮಿಷದೊಳಗೆ ಪ್ರತಿ ಸಲವೂ ಲೈನು ಬಿದ್ದಿತ್ತು. ಅವರು ಸುಮ್ಮನೆ ಕುಳಿತಿದ್ದ ಹೊತ್ತಿನಲ್ಲಿ ಬಿದ್ದದ್ದು ದಿನಕ್ಕೆ ಒಂದೋ ಎರಡೋ ಸಲ. ಪೇಷಂಟ್ ಮಲಗಿದ ಕೂಡ್ಲೇ ಲೈನ್ ಹೋಗುತ್ತೆ ಎಂದು ಅವರು ಹೇಳಿದ್ದು ಅಕ್ಷರಶಃ ನಿಜ. ನಿಂಬೆಹಣ್ಣು ಕಟ್ಟು ಎಂದವಳು ನಾನು!

ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಹೊಸನಗರದಲ್ಲೊಮ್ಮೆ, ಸಾಗರದಲ್ಲೊಮ್ಮೆ ಬಸ್ಸು ಬದಲಿಸಿ ಕಾರ್ಗಲ್ ಮುಟ್ಟುವಾಗ ಬಿಸಿಲು ಏರಿತ್ತು. ದಾರಿಯುದ್ದಕ್ಕೂ ಲ್ಯಾಪ್‌ಟಾಪ್ ತೊಡೆಯ ಮೇಲೆ. ಸಾಗರದ ಕಂಡಕ್ಟರ್ "ಮೇಡಂ, ಟಿಕೆಟ್ ತಗೊಂಡು ಆಮೇಲೆ ಆಫೀಸ್ ಮಾಡಿ" ಎಂದು ಎರಡು ಸಲ ಹೇಳಬೇಕಾಯಿತು.

ಸಿಸ್ಟರನ್ನು ನಾನು ಮುಖತಃ ನೋಡಿದ್ದು ಅದೇ ಎರಡನೇ ಸಲ. ಒಳಗೆ ಹೋದವಳೇ "ತಪ್ಪಾಯ್ತು ಸಿಸ್ಟರ್" ಎಂದೆ. ಅವರು "ಮೊದ್ಲು ಕಾಫಿ ಕುಡೀರಿ ಮಾರಾಯ್ರೆ" ಎಂದು ಫ್ಲಾಸ್ಕ್ ತೆರೆದರು. ಕೇಂದ್ರದ ಕಟ್ಟಡದ ಮಾಲೀಕರು ಮೇಲಿನ ಮನೆಯಲ್ಲೇ ಇದ್ದರು. ವಿದ್ಯುತ್ ಯೋಜನೆಯ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ತೀರ್ಥಹಳ್ಳಿಯಿಂದ ಯಾರೋ ಬಂದಿದ್ದಾರೆಂದು ಪೇಪರು ಕೈಯಲ್ಲೇ ಹಿಡಿದುಕೊಂಡು ಇಳಿದುಬಂದರು.

ಪರೀಕ್ಷೆಗೆ ಒಬ್ಬ ರೋಗಿ ಬೇಕಿತ್ತು. "ನಾನೇ ಮಲಗ್ತೀನಿ ತಗೊಳಿ. ಪುಕ್ಕಟೆ ಇಸಿಜಿ ಯಾರಿಗೆ ಬೇಡ?" ಎಂದು ಆಪರೇಟರ್ ಅಂಗಿ ಬಿಚ್ಚಿ ಮಂಚ ಏರಿದರು. ಸಿಸ್ಟರ್ ವೈರು ಅಂಟಿಸಿದರು, ಅವರ ಹಳೆಯ ಬಿಪಿ ರಿಪೋರ್ಟಿನ ಫೋಟೊ ತೆಗೆದು ಸೇರಿಸಿದರು. ನಾನು ರೂಟರಿಗೆ ಲ್ಯಾಪ್‌ಟಾಪ್ ಜೋಡಿಸಿ ಪಿಂಗ್ ಓಡಿಸಿದೆ. ಪರದೆಯ ಮೇಲೆ ಉತ್ತರಗಳು ಸಲೀಸಾಗಿ ಬರುತ್ತಿದ್ದವು.

"ಒತ್ತಿ ಸಿಸ್ಟರ್."

ಒತ್ತಿದರು. ಹತ್ತು ಸೆಕೆಂಡು ಎಲ್ಲ ಸರಿ. ಆಮೇಲೆ ಉತ್ತರ ತಡವಾಗತೊಡಗಿತು, ಇನ್ನೂ ತಡವಾಯಿತು, ಕೊನೆಗೆ ಬರುವುದೇ ನಿಂತಿತು. ಒಂದು, ಎರಡು, ಮೂರು. ಕೂಡಲೇ ನನ್ನ ಕಾವಲು ಪ್ರೋಗ್ರಾಂ ಎದ್ದು ಸುರಂಗವನ್ನು ಬೀಳಿಸಿತು. ಅರ್ಧ ದಾರಿ ಹೋಗಿದ್ದ ಇಸಿಜಿ ತುಂಡಾಯಿತು. ಸುರಂಗ ಎದ್ದಿತು. ಇಸಿಜಿ ಮೊದಲಿಂದ ಹೊರಟಿತು. ಮತ್ತೆ ಉತ್ತರ ತಡ, ಮತ್ತೆ ಬೀಳಿಸಿತು.

"ಅಯ್ಯಯ್ಯೋ! ನಾನೇ! ನಾನೇ ಕಣ್ರೀ!" ಎಂದು ಕೂಗಿದ್ದೆನಂತೆ. ಮಂಚದ ಮೇಲಿದ್ದವರು ತಮ್ಮ ಹೃದಯಕ್ಕೆ ಏನೋ ಆಯಿತೆಂದು ಗಾಬರಿಯಿಂದ ಎದ್ದು ಕುಳಿತರು.

ಆಗಿದ್ದದ್ದು ಇಷ್ಟು. ಕಾರ್ಗಲ್‌ನ ಸಿಮ್‌ಗೆ ಹೊರಗೆ ಕಳಿಸುವ ಶಕ್ತಿ ಕಡಿಮೆ. ದೊಡ್ಡ ದೊಡ್ಡ ಫೋಟೊಗಳು ಹೊರಟಾಗ ದಾರಿಯೆಲ್ಲ ಅವುಗಳಿಂದಲೇ ತುಂಬಿ, ನನ್ನ ಪಿಂಗ್ ಹಿಂದೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಉತ್ತರ ಬರಲಿಲ್ಲವೆಂದು ನನ್ನ ಪ್ರೋಗ್ರಾಂ ಲೈನು ಸತ್ತಿತು ಎಂದುಕೊಳ್ಳುತ್ತಿತ್ತು. ಲೈನು ಸತ್ತಿರಲಿಲ್ಲ, ಅದು ಮೈಮುರಿದು ಕೆಲಸ ಮಾಡುತ್ತಿತ್ತು. ಬದುಕಿದ್ದ ಲೈನಿನ ಕುತ್ತಿಗೆ ಹಿಸುಕಿ, ಅದನ್ನೇ ಒಂಬತ್ತು ಸಲ ಎಬ್ಬಿಸಿದೆ ಎಂದು ಡಾಕ್ಟರ ಮುಂದೆ ಕೊಚ್ಚಿಕೊಂಡಿದ್ದೆ.

ಆಪರೇಟರ್ ಅಂಗಿ ಹಾಕಿಕೊಳ್ಳುತ್ತಾ ಕೇಳಿದರು. "ಎಂತ ಬರ್ದಿದೀರಮ್ಮ ಅದರಲ್ಲಿ?"

"ಲೈನ್ ಸತ್ತಿದೆಯಾ ನೋಡು, ಸತ್ತಿದ್ರೆ ಎಬ್ಬಿಸು ಅಂತ, ಸರ್."

"ಎಷ್ಟು ಸಲ?"

"ಏಳೋವರೆಗೂ."

"ಅಯ್ಯೋ ಪುಣ್ಯಾತ್ಗಿತ್ತಿ! ನಮ್ಮಲ್ಲಿ ಹಂಗೆ ಮಾಡಿದ್ರೆ ಹೆಣ ಬೀಳ್ತಿತ್ತು." ಅವರು ಸ್ಟೂಲು ಎಳೆದುಕೊಂಡು ನನ್ನೆದುರೇ ಕುಳಿತರು. "ಕರೆಂಟ್ ಲೈನ್ ಟ್ರಿಪ್ ಆಯ್ತು ಅಂತ ಇಟ್ಕೊಳಿ. ಸ್ವಿಚ್ ಹಾಕೋ ಮುಂಚೆ ಮೊದಲ್ನೇ ಪ್ರಶ್ನೆ, ಲೈನ್ ಮೇಲೆ ಯಾರಾದ್ರೂ ಇದಾರಾ? ಕಂಬ ಹತ್ತಿದೋನು ನಮ್ಮ ಹತ್ರ ಲೈನ್ ಕ್ಲಿಯರ್ ಅಂತ ಒಪ್ಪಿಗೆ ತಗೊಂಡೇ ಹತ್ತಿರ್ತಾನೆ. ಅವ್ನು ಇಳಿದು ಬಂದು ಅದನ್ನ ವಾಪಸ್ ಕೊಡೋವರೆಗೆ, ಮಂತ್ರಿ ಫೋನ್ ಮಾಡಿದ್ರೂ ಸ್ವಿಚ್ ಮುಟ್ಟಲ್ಲ. ಕೊಟ್ಟ ಮೇಲೆ ಒಂದ್ಸಲ ಹಾಕ್ತೀವಿ. ಮತ್ತೆ ಬಿತ್ತಾ? ಸ್ವಲ್ಪ ತಡ್ದು ಇನ್ನೊಂದ್ಸಲ. ಆಗ್ಲೂ ಬಿತ್ತು ಅಂದ್ರೆ ಕೈ ಕಟ್ಟಿ ನಿಂತು ತಪ್ಪು ಎಲ್ಲಿದೆ ಅಂತ ಹುಡುಕ್ತೀವಿ. ನಿಮ್ಮ ಪ್ರೋಗ್ರಾಂ ಯಾರನ್ನಾದ್ರೂ ಕೇಳುತ್ತಾ?"

ಕೇಳುತ್ತಿರಲಿಲ್ಲ. ಸರ್ವರನ್ನು ಕರೆಯುತ್ತಿತ್ತೇ ಹೊರತು, ಲೈನಿನ ಮೇಲೆ ಯಾರಿದ್ದಾರೆಂದು ನೋಡುತ್ತಿರಲಿಲ್ಲ. ಹದಿನಾರು ವರ್ಷ ಇದೇ ಕೆಲಸ ಮಾಡಿ ನನಗೆ ಹೊಳೆಯದ್ದನ್ನು ಪಿಂಗ್ ಎಂದರೇನೆಂದೇ ಗೊತ್ತಿಲ್ಲದವರು ಎರಡು ನಿಮಿಷದಲ್ಲಿ ಹೇಳಿದ್ದರು. ಹೊಟ್ಟೆಕಿಚ್ಚೂ ಆಯಿತು, ಖುಷಿಯೂ ಆಯಿತು. ಖುಷಿಯೇ ಹೆಚ್ಚು.

ಮೊದಲು ಮಾಡಿದ ಕೆಲಸವೆಂದರೆ ನನ್ನ ಪ್ರೋಗ್ರಾಮನ್ನು ನಿಲ್ಲಿಸಿದ್ದು. ಸುಲಭವಾಗಿರಲಿಲ್ಲ ಅದು. ಕಾವಲು ತೆಗೆದ ಹೊತ್ತಿನಲ್ಲೇ ನಿಜವಾದ ರೋಗಿ ಬಂದು, ಲೈನು ನಿಜವಾಗಿಯೇ ಸತ್ತರೆ? "ನಾನಿದೀನಲ್ಲ, ಕೈಯಲ್ಲೇ ಆಫ್ ಆನ್ ಮಾಡ್ತೀನಿ. ನೀವು ಕೆಡವಿ, ಹೊಸದು ಕಟ್ಟಿ," ಎಂದರು ಸಿಸ್ಟರ್. ನಿಲ್ಲಿಸಿ ಮತ್ತೊಮ್ಮೆ 'ಕಳಿಸು' ಒತ್ತಿಸಿದೆ. ಪಿಂಗ್ ಸತ್ತುಬಿದ್ದಿತ್ತು, ಆದರೂ ಮೂರೇ ನಿಮಿಷಕ್ಕೆ ಇಸಿಜಿ ತೀರ್ಥಹಳ್ಳಿ ಮುಟ್ಟಿತು. ಡಾಕ್ಟರೇ ಫೋನ್ ಮಾಡಿ "ಇವ್ರಿಗೇನೂ ಆಗಿಲ್ಲ, ಉಪ್ಪಿನಕಾಯಿ ಕಮ್ಮಿ ಮಾಡ್ಲಿ" ಎಂದರು. ಆಪರೇಟರ ಮುಖ ಸಪ್ಪಗಾಯಿತು.

ಸಿಸ್ಟರ ಮೇಜಿನ ಮೂಲೆಯಲ್ಲೇ ಹೊಸದನ್ನು ಬರೆಯಲು ಕುಳಿತೆ. ಸುರಂಗದ ಮೂಲಕ ಎಷ್ಟು ಹೋಗಿದೆ, ಎಷ್ಟು ಬಂದಿದೆ ಎಂಬ ಎರಡು ಎಣಿಕೆಗಳನ್ನು ರೂಟರ್ ತಾನಾಗಿಯೇ ಇಡುತ್ತದೆ. ನಿಮಿಷದ ಹಿಂದಿನ ಎಣಿಕೆಗಿಂತ ಈಗಿನದು ಹೆಚ್ಚಿದ್ದರೆ ಲೈನಿನ ಮೇಲೆ ಯಾರೋ ಇದ್ದಾರೆ, ಮುಟ್ಟಬೇಡ. ಇದು ನನ್ನ ಲೈನ್ ಕ್ಲಿಯರ್. ಎಣಿಕೆ ನಿಂತಿದ್ದರೆ ಮಾತ್ರ ಪಿಂಗ್ ಮಾಡು. ಪಿಂಗಿಗೂ ಉತ್ತರವಿಲ್ಲದಿದ್ದರೆ ಹೊರಗಿನ ಇಂಟರ್ನೆಟ್ ಇದೆಯೇ ನೋಡು. ಅದೇ ಇಲ್ಲವೆಂದರೆ ಸುರಂಗದ ತಪ್ಪಲ್ಲ, ಕಾಯಿ. ಅದಿದ್ದರೆ ಒಂದು ಸಲ ಎಬ್ಬಿಸು, ಮೂರು ನಿಮಿಷ ಬಿಟ್ಟು ಇನ್ನೊಂದು ಸಲ. ಆಮೇಲೂ ಆಗದಿದ್ದರೆ ಕೈ ಕಟ್ಟಿ ನಿಂತು ನನಗೆ ಮೆಸೇಜು ಕಳಿಸು.

ಪರೀಕ್ಷೆ ಮಾಡೋಣವೆಂದು, ನನ್ನ ಮೊಬೈಲಿನ ನೆಟ್ಟಿನಿಂದ ತೀರ್ಥಹಳ್ಳಿಯ ಸರ್ವರಿನೊಳಗೆ ಹೋಗಿ ಸುರಂಗದ ಆ ತುದಿಯನ್ನು ಬೇಕೆಂದೇ ಮುಚ್ಚಿದೆ. ಹೊಸ ಪ್ರೋಗ್ರಾಂ ಏಳಬೇಕು. ಒಂದು ನಿಮಿಷ, ಎರಡು, ಐದು. ಏಳಲೇ ಇಲ್ಲ! ಮಹಾರಾಯ ಆರಾಮಾಗಿ "ಯಾರೋ ಕೆಲಸ ಮಾಡುತ್ತಿದ್ದಾರೆ, ಮುಟ್ಟಲಿಲ್ಲ" ಎಂದು ಬರೆಯುತ್ತಾ ಕುಳಿತಿದ್ದ. ತಲೆ ಕೆರೆದುಕೊಂಡೆ. ಸಿಸ್ಟರ್ ಊಟಕ್ಕೆ ಕರೆದರೂ ಕೇಳಿಸಲಿಲ್ಲ. ಆಮೇಲೆ ಹೊಳೆಯಿತು. ನಾನು ನೋಡುತ್ತಿದ್ದದ್ದು ಹೋದದ್ದರ ಎಣಿಕೆ. ಸತ್ತ ಸುರಂಗಕ್ಕೂ ಈ ತುದಿಯಿಂದ ಏನಾದರೂ ಸುರಿಯುತ್ತಲೇ ಇರಬಹುದು, ಎಣಿಕೆ ಏರುತ್ತಲೇ ಇರುತ್ತದೆ. ನೋಡಬೇಕಾದದ್ದು ಬಂದದ್ದರ ಎಣಿಕೆ. ಆ ಕಡೆಯವರು ಬದುಕಿದ್ದರೆ ಕಳಿಸಿದ್ದಕ್ಕೆ ಹೂಂಗುಟ್ಟುತ್ತಾ ಇರುತ್ತಾರೆ. ಒಂದೇ ಒಂದು ಪದ ಬದಲಿಸಿದೆ.

ಈಗ ಎದ್ದಿತು. ಎಬ್ಬಿಸಲು ನೋಡಿತು, ಆಗಲಿಲ್ಲ. ಮೂರು ನಿಮಿಷ ಕಾದು ಇನ್ನೊಮ್ಮೆ ನೋಡಿತು. ಆಮೇಲೆ ನನ್ನ ಮೊಬೈಲು ಟಿಣ್ ಎಂದಿತು: 'ಕಾರ್ಗಲ್ ಲೈನ್ ಏಳುತ್ತಿಲ್ಲ.' ಇಷ್ಟು ಚಂದದ ಕೆಟ್ಟ ಸುದ್ದಿ ನನಗೆ ಯಾವತ್ತೂ ಬಂದಿರಲಿಲ್ಲ. ಆ ತುದಿಯನ್ನು ತೆರೆದು, ಇನ್ನೊಂದು ಪರೀಕ್ಷೆಗೆ ಸಿಮ್ ಕಿತ್ತು ಮತ್ತೆ ಹಾಕಿದೆ. ವಿಳಾಸ ಬದಲಾಯಿತು, ಸುರಂಗ ಸತ್ತಿತು, ಎರಡು ನಿಮಿಷದೊಳಗೆ ಯಾರೂ ಮುಟ್ಟದೆ ಎದ್ದಿತು. ಸಿಸ್ಟರ್ ಮತ್ತು ನಾನು ಕೈ ಕೈ ಹಿಡಿದು ಕುಣಿಯುವುದೊಂದು ಬಾಕಿ.

ಗುರುವಾರ, ಶುಕ್ರವಾರ ಚೆನ್ನಾಗಿಯೇ ಕಳೆದವು. ಆದರೆ ಡಾಕ್ಟರು ಏನೂ ಹೇಳಲಿಲ್ಲ. ಕೇಳುವ ಧೈರ್ಯ ನನಗಿಲ್ಲ. ಕಡತ ತೋರಿಸಿ ಒಂದು ಸಲ ಮಾನ ಕಳೆದುಕೊಂಡಿದ್ದೆನಲ್ಲ.

ಶನಿವಾರ ಹನ್ನೊಂದರ ಹೊತ್ತಿಗೆ ಡಾಕ್ಟರ ಕೋಣೆಯಲ್ಲಿ ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಕಾಗದ ತೆಗೆಯುತ್ತಿದ್ದೆ. ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪ್ ತೆರೆದೇ ಇತ್ತು, ಕೇಂದ್ರಗಳ ಕಡತಗಳು ಸುರಂಗದ ಹೊರಗಿನ ದಾರಿಯಿಂದಲೇ ಅದಕ್ಕೆ ಬರುವ ಹಾಗೆ ಮಾಡಿಕೊಂಡಿದ್ದೆ. ಕಾರ್ಗಲ್‌ನ ಕಡತದಲ್ಲಿ ಹೊಸ ಸಾಲು: ಸುರಂಗ ಸತ್ತಿದೆ. ಹರಿದ ಕಾಗದ ಕೈಯಲ್ಲೇ ಹಿಡಿದು ಬಗ್ಗಿ ನೋಡಿದೆ. ಮುಂದಿನ ಸಾಲು: ಎಬ್ಬಿಸಲಾಯಿತು. ಆರೇಳು ನಿಮಿಷದ ಮೇಲೆ ಬಂದದ್ದರ ಎಣಿಕೆ ಓಡತೊಡಗಿತು. ಸಿಸ್ಟರ್ ಏನೋ ಕಳಿಸುತ್ತಿದ್ದಾರೆ! ಪ್ರೋಗ್ರಾಂ ಒಂದು ನಿಮಿಷ ಮುಟ್ಟಲಿಲ್ಲ, ಎರಡನೇ ನಿಮಿಷವೂ ಮುಟ್ಟಲಿಲ್ಲ, ಮೂರನೇ ನಿಮಿಷವೂ ಮುಟ್ಟಲಿಲ್ಲ. ಡಾಕ್ಟರ ಪರದೆಯ ಮೇಲೆ ಇಸಿಜಿ ತೆರೆದುಕೊಂಡಿತು.

"ಬಂತು! ಸರ್, ಬಂತು ನೋಡಿ! ಸತ್ತು ಎದ್ದು ಬಂತು!" ಎಂದು ಚಪ್ಪಾಳೆ ಹೊಡೆದೆ.

"ಸ್ವಲ್ಪ ಸುಮ್ನಿರಮ್ಮ," ಎಂದರು ಡಾಕ್ಟರು. ನನ್ನತ್ತ ನೋಡಲಿಲ್ಲ. ಪರದೆಗೆ ಮುಖ ಹತ್ತಿರ ತಂದು ಒಂದೊಂದೇ ಗೆರೆ ನೋಡುತ್ತಿದ್ದರು. ಒಂದು ಕೈ ಆಗಲೇ ಫೋನಿನ ಮೇಲಿತ್ತು.

"ಸಿಸ್ಟರ್, ಯಾರಿವರು?… ಗ್ಯಾಸ್ಟ್ರಿಕ್ ಅಂದ್ರಾ? ಗ್ಯಾಸ್ಟ್ರಿಕ್ ಅಲ್ಲ ಇದು. ಎದ್ದು ಓಡಾಡೋಕೆ ಬಿಡ್ಬೇಡಿ. ಎದೆನೋವಿಗೆ ಅಂತ ಬರ್ದಿಟ್ಟಿರೋ ಮಾತ್ರೆ ಇದ್ಯಲ್ಲ, ಈಗ್ಲೇ ಅಗಿಯೋಕೆ ಹೇಳಿ. ಆಂಬುಲೆನ್ಸ್‌ಗೆ ನಾನು ಹೇಳ್ತೀನಿ. ಸಾಗರದಲ್ಲಿ ನಿಲ್ಲಿಸೋದು ಬೇಡ, ಸೀದಾ ಶಿವಮೊಗ್ಗ."

ಚಪ್ಪಾಳೆ ಹೊಡೆದ ಕೈಗಳನ್ನು ಎಲ್ಲಿಡಬೇಕೆಂದು ನನಗೆ ಗೊತ್ತಾಗಲಿಲ್ಲ. ಆ ಗೆರೆಗಳ ಆ ತುದಿಯಲ್ಲಿ ಒಬ್ಬ ಹೆಂಗಸು ಮಲಗಿದ್ದಾಳೆ. ಮನೆಯಲ್ಲಿ ಜೀರಿಗೆ ಕಷಾಯ ಕುಡಿದು, ಕಡಿಮೆಯಾಗಲಿಲ್ಲವೆಂದು ನಡೆದೇ ಬಂದವಳಂತೆ. ನಾಲ್ಕು ದಿನದ ಹಿಂದೆ ಬಂದಿದ್ದರೆ ನನ್ನ ಇಪ್ಪತ್ತು ಸಾಲು ಅವಳ ಇಸಿಜಿಯನ್ನು ಒಂಬತ್ತು ಸಲ ತುಂಡರಿಸುತ್ತಿತ್ತು. ಹೊರಗೆ ಬಂದು ಔಷಧಿ ಅಂಗಡಿಯ ಬೆಂಚಿನ ಮೇಲೆ ಕುಳಿತು ಚೆನ್ನಾಗಿ ಅತ್ತೆ.

ಭಾನುವಾರ ಸಂಜೆ ಸುದ್ದಿ ಬಂತು. ಹೃದಯಕ್ಕೆ ಹೋಗುವ ನಾಳದಲ್ಲಿದ್ದ ತಡೆ ತೆಗೆದಿದ್ದಾರೆ, ಇನ್ನು ಭಯವಿಲ್ಲ, ಗಂಜಿ ಕುಡಿದಿದ್ದಾಳೆ.

ಆದರೂ ಡಾಕ್ಟರು ಮೆಷಿನ್ ವಿಷಯ ಎತ್ತಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಆಸ್ಪತ್ರೆಗೆ ಬರುವಷ್ಟರಲ್ಲಿ ಗಾಡಿ ಶೆಡ್ಡಿನಲ್ಲಿರಲಿಲ್ಲ. ಎಲ್ಲಿಗೆ ಹೋಯಿತೆಂದರೆ ವಾಚ್‌ಮನ್ "ಕಾರ್ಗಲ್‌ಗೆ ಅಂದ್ರಪ್ಪ" ಎಂದ. ಡಾಕ್ಟರ ಕೋಣೆಗೆ ಓಡಿದೆ. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು. ಹತ್ತೂವರೆಗೆ ಸಿಸ್ಟರ ಫೋನು ಬಂತು.

"ಗಾಡಿ ಬಂದಿದೆ ಮೇಡಂ." ಪಿಸುಮಾತು. "ನಾನು ಒಳಗಿಂದ ಚಿಲಕ ಹಾಕ್ಕೊಂಡಿದೀನಿ. ಮೇಲಿನ ಮನೆಯವ್ರು ಹೊರಗೆ ಬಾಗ್ಲಿಗೆ ಅಡ್ಡ ನಿಂತಿದಾರೆ. ಮೆಷಿನ್ ಕೊಡಲ್ಲ ಅಂದ್ರೆ ಕೊಡಲ್ಲ, ನನ್ನ ಕೆಲಸ ಹೋದ್ರೂ ಪರವಾಗಿಲ್ಲ."

"ಡ್ರೈವರ್ ಎಂತ ಅಂತಾನೆ ಸಿಸ್ಟರ್? ಕೇಳಿ ನೋಡಿ."

ಚಿಲಕ ತೆಗೆದ ಸದ್ದು ಕೇಳಿಸಿತು. ಆಪರೇಟರ ದೊಡ್ಡ ಗಂಟಲು, ಡ್ರೈವರನ ಸಣ್ಣ ಗಂಟಲು, ಏನೋ ಪೆಟ್ಟಿಗೆ ನೆಲಕ್ಕಿಟ್ಟ ಸದ್ದು. ಆಮೇಲೆ ಪೆಟ್ಟಿಗೆಯ ಟೇಪು ಹರಿದ ಸದ್ದು.

"ಸಿಸ್ಟರ್? ಇದೀರಾ?"

"ಇದೀನಿ ಮೇಡಂ." ಅವರು ಅಳುತ್ತಿದ್ದರು, ನಗುತ್ತಲೂ ಇದ್ದರು. "ಇಸಿಜಿ ಪೇಪರ್ ಕಳಿಸಿದಾರೆ ಡಾಕ್ಟ್ರು. ಒಂದು ವರ್ಷಕ್ಕಾಗುವಷ್ಟು."